ಶಕ್ತಿಗನುಸಾರವಾದ ತಪಸ್ಸು

ಬಸವಕಲ್ಯಾಣ ತಾಲೂಕಿನ ಮೋರಖಂಡಿಯನ್ನು ರಾಷ್ಟ್ರಕೂಟರ ಆರಂಭಕಾಲದ ನೆಲೆಯಾದ ಮಯೂರಖಂಡಿಯೆಂದು ಕೆಲವು ಇತಿಹಾಸಜ್ಞರು ಗುರುತಿಸುತ್ತಾರೆ. ಆ ವಂಶದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಉಗ್ರಾದಿತ್ಯಾಚಾರ್ಯರು 'ಕಲ್ಯಾಣಕಾರಕ'ವೆಂಬ ಸಂಸ್ಕೃತ ವೈದ್ಯಗ್ರಂಥವನ್ನು ರಚಿಸಿದರು. ಮದ್ಯ, ಮಾಂಸ, ಮಧುಗಳಿಲ್ಲದೆಯೇ ಚಿಕಿತ್ಸೆ ಸಾಧ್ಯವೆಂಬುದು ಅದರ ನಿಲುವು. ಮಾಂಸಾಹಾರದ ನಿರರ್ಥಕತೆಯನ್ನು ಆಚಾರ್ಯರು ನೃಪತುಂಗನ ಸಭೆಯಲ್ಲಿ ಪ್ರತಿಪಾದಿಸಿದರೆಂದು ಗ್ರಂಥದ ಕೊನೆಯ ಹಿತಾಹಿತಾಧ್ಯಾಯ ತಿಳಿಸುತ್ತದೆ.

ಆ ಪರಂಪರೆಗೆ ಸೇರಿದ ನಮ್ಮ ಮನೆಗಳಲ್ಲಿಯೂ ಇಂದು ಮಧುಮೇಹ, ರಕ್ತದೊತ್ತಡ, ಹೃದ್ರೋಗಗಳು ಅಪರೂಪವಲ್ಲ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದಂತೆ ದೇಶದಲ್ಲಿ ಸುಮಾರು 10 ಕೋಟಿ ಮಧುಮೇಹಿಗಳಿದ್ದಾರೆ. ಮಾಂಸವನ್ನು ಮುಟ್ಟದವನಿಗೂ ಈ ರೋಗಗಳೇಕೆ? ಅನುವಂಶಿಕತೆ ಮತ್ತು ವಯಸ್ಸು ಯಾರ ಕೈಯಲ್ಲಿಯೂ ಇಲ್ಲ; ಆದ್ದರಿಂದ ರೋಗಿಯನ್ನು ದೂಷಿಸುವುದು ಸಲ್ಲದು. ಆದರೆ ಉಪ್ಪು, ಸಕ್ಕರೆ, ಜಿಡ್ಡುಗಳ ಅತಿಸೇವನೆ, ತಂಬಾಕು, ವ್ಯಾಯಾಮವಿಲ್ಲದ ಜೀವನ ಇವು ನಮ್ಮ ಕೈಯಲ್ಲಿವೆ. ಆಹಾರವು ಶುದ್ಧವಾದ ಮಾತ್ರಕ್ಕೆ ಮಿತವಾಗುವುದಿಲ್ಲ.

ಈ ಮಿತಿಯನ್ನು ನಮ್ಮ ಶಾಸ್ತ್ರ ಮರೆತಿಲ್ಲ. ಆರು ಬಾಹ್ಯ ತಪಗಳಲ್ಲಿ ಅನಶನದ ಜೊತೆಗೆ, ಹಸಿವಿಗಿಂತ ಕಡಿಮೆ ಉಣ್ಣುವ ಅವಮೌದರ್ಯವೂ ರಸಪರಿತ್ಯಾಗವೂ ಇವೆ. ತ್ಯಜಿಸಬೇಕೆಂದು ಹೇಳುವ ರಸಗಳು ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪು. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಇಂದು ಹೇಳುತ್ತದೆ. ಎರಡರ ಉದ್ದೇಶ ಬೇರೆ: ಒಂದು ಇಂದ್ರಿಯಜಯಕ್ಕಾಗಿ, ಇನ್ನೊಂದು ಆರೋಗ್ಯಕ್ಕಾಗಿ. ಆದರೂ ಎರಡೂ ಕೈಯನ್ನು ತಡೆಯುವುದು ಅದೇ ತಟ್ಟೆಯ ಮುಂದೆ.

ಇಲ್ಲಿಯೇ ಒಂದು ಧರ್ಮಸೂಕ್ಷ್ಮವಿದೆ. ದಶಲಕ್ಷಣ ಪರ್ವದಲ್ಲಿ ಮಧುಮೇಹಿಯಾದ ಹಿರಿಯರೊಬ್ಬರು ನಿರಾಹಾರ ವ್ರತ ಹಿಡಿದರೆ ಏನಾಗುತ್ತದೆ? ಇನ್ಸುಲಿನ್ ಅಥವಾ ಕೆಲವು ಗುಳಿಗೆಗಳನ್ನು ತೆಗೆದುಕೊಂಡು ಉಣ್ಣದಿದ್ದರೆ ರಕ್ತದ ಸಕ್ಕರೆ ಕುಸಿದು ಬೆವರು, ನಡುಕ, ಮೂರ್ಛೆ ಬರಬಹುದು. ಔಷಧವನ್ನೇ ಬಿಟ್ಟರೆ ಸಕ್ಕರೆ ಅಪಾಯಕರವಾಗಿ ಏರಬಹುದು. ದೇಹವು ಪರದ್ರವ್ಯವಲ್ಲವೇ, ಅದರ ಚಿಂತೆಯೇಕೆ ಎಂದು ಕೇಳುವವರಿದ್ದಾರೆ. ಆದರೆ ಪ್ರಮಾದದಿಂದಾಗುವ ಪ್ರಾಣಘಾತವೇ ಹಿಂಸೆಯೆಂದು ತತ್ತ್ವಾರ್ಥಸೂತ್ರ ಹೇಳುವಾಗ, ತನ್ನ ಪ್ರಾಣವನ್ನು ಅದರಿಂದ ಹೊರಗಿಟ್ಟಿಲ್ಲ. ಅದೇ ಸೂತ್ರವು ತ್ಯಾಗ, ತಪಗಳಿಗೆ 'ಶಕ್ತಿತಃ' ಎಂಬ ವಿಶೇಷಣವನ್ನು ಸೇರಿಸಿದೆ. ಅಪಾಯವನ್ನು ತಿಳಿದೂ ಶಕ್ತಿಯನ್ನು ಮೀರುವುದು ವೈರಾಗ್ಯವಲ್ಲ, ಪ್ರಮಾದ. ಅಂಥವರು ವೈದ್ಯರನ್ನು ಕೇಳಿ, ಗುರುಗಳ ಒಪ್ಪಿಗೆ ಪಡೆದು, ರಸತ್ಯಾಗದಂಥ ವ್ರತವನ್ನು ಆರಿಸಿಕೊಳ್ಳಬಹುದು. ಅದು ಕೆಳದರ್ಜೆಯ ತಪಸ್ಸಲ್ಲ.

ಸಮಾಜದ ಹೊಣೆಯೂ ಇದೆ. ಉಪವಾಸ ಮಾಡಿದವರಿಗೆ ಮೆರವಣಿಗೆ, ಸನ್ಮಾನಗಳುಂಟು. ವರ್ಷವಿಡೀ ಸಕ್ಕರೆ ಬಿಟ್ಟವರನ್ನು ಯಾರೂ ಗಮನಿಸುವುದಿಲ್ಲ. ಈ ಗೌರವದ ಆಸೆಯೇ ಅಶಕ್ತರನ್ನು ಅಪಾಯಕ್ಕೆ ದೂಡಬಲ್ಲದು. ರೋಗವು ಅಸಾತಾವೇದನೀಯದ ಉದಯವೆಂಬುದು ನಿಜ. ಆದರೂ ಪೂರ್ವಾಚಾರ್ಯರು ಔಷಧದಾನವನ್ನು ಚತುರ್ವಿಧ ದಾನಗಳಲ್ಲಿ ಸೇರಿಸಿದರು. ಜೀವನಪರ್ಯಂತದ ರೋಗಕ್ಕೆ ಒಂದು ದಿನದ ಶಿಬಿರ ಸಾಲದು. ಬಸದಿಯ ವಿಶ್ವಸ್ತ ಮಂಡಳಿಗಳು ಉತ್ಸವದ ಸಿಹಿಯೂಟದ ಒಂದಂಶವನ್ನು ಕಡಿಮೆ ಮಾಡಿ, ಬಡ ರೋಗಿಗೆ ಪ್ರತಿ ತಿಂಗಳೂ ಗುಳಿಗೆ ತಪ್ಪದಂತೆ ನೋಡಿಕೊಂಡರೆ, ನಮ್ಮ ಅವಮೌದರ್ಯವೇ ಇನ್ನೊಬ್ಬರಿಗೆ ಔಷಧದಾನವಾಗುತ್ತದೆ.