ಕರಗಲೇಬೇಕಾದ ಬತ್ತಿ

1524ರ ಬೇಸಿಗೆಯಲ್ಲಿ ಜೂರಿಕ್ ನಗರದ ಚರ್ಚುಗಳೊಳಗೆ ಬಡಗಿಗಳೂ ಕಲ್ಲುಕುಟಿಗರೂ ಬಾಗಿಲು ಹಾಕಿಕೊಂಡು ಕೆಲಸ ಮಾಡಿದರು. ಕಟ್ಟುವ ಕೆಲಸವಲ್ಲ, ಕಳಚುವ ಕೆಲಸ. ಸಂತರ ಪ್ರತಿಮೆಗಳು ಪೀಠದಿಂದ ಇಳಿದವು. ಗೋಡೆಚಿತ್ರಗಳ ಮೇಲೆ ಸುಣ್ಣ ಬಿತ್ತು. ಮನುಷ್ಯ ಕೈಯಾರೆ ಮಾಡಿದ ವಸ್ತು ದೇವರಿಗೂ ಭಕ್ತನಿಗೂ ನಡುವೆ ನಿಂತರೆ ಭಕ್ತಿ ಅದರಲ್ಲೇ ಸಿಕ್ಕಿಬೀಳುತ್ತದೆ ಎಂಬುದು ಪ್ರಾಟೆಸ್ಟೆಂಟ್ ಸುಧಾರಕ ಜ್ವಿಂಗ್ಲಿಯ ವಾದ. ಬೋಳಾಗಿ ಬೆಳ್ಳಗಾದ ಗೋಡೆಗಳನ್ನು ಕಂಡು ಆತ ಹಿಗ್ಗಿದ.

ಆದರೆ ಡಿಸೆಂಬರ್ ಬಂತೆಂದರೆ ಕ್ರೈಸ್ತರ ಮನೆಗಳಲ್ಲಿ ಕಾಣುವ ಅಲಂಕಾರಗಳಲ್ಲಿ ಎಷ್ಟೋ ಹುಟ್ಟಿದ್ದು ಪ್ರಾಟೆಸ್ಟೆಂಟರ ನಡುವೆಯೇ. ಮೇಜಿನ ನಡುವಿನ ಮೇಣದಬತ್ತಿಯ ಹಸಿರು ಬಳೆ ಅವರದು, ಕಾಗದದ ನಕ್ಷತ್ರ ಅವರದು. ಚೌಕಟ್ಟಿನೊಳಗಿನ ಕ್ರಾಸ್ ಸ್ಟಿಚ್ ಪ್ರಾರ್ಥನೆಯನ್ನು ಅವರು ಮೊದಲು ಮಾಡಿದವರಲ್ಲದಿದ್ದರೂ ಮನೆಮನೆಗೆ ಒಯ್ದವರು. ಕೈಯಿಂದ ಮಾಡಿದ್ದನ್ನೇ ಶಂಕಿಸಿದ ಮತ ಇಷ್ಟೊಂದು ಕೈಗೆಲಸವನ್ನು ಮನೆಯೊಳಗೆ ಬಿಟ್ಟುಕೊಂಡದ್ದು ಹೇಗೆ?

ಮೇಣದಬತ್ತಿಯ ಕತೆಯಿಂದಲೇ ಶುರುಮಾಡಬಹುದು. ಯೋಹಾನ್ ಹಿನ್ರಿಶ್ ವಿಶೆರ್ನ್ ಎಂಬ ಲುಥೆರನ್ ಪಾದ್ರಿ 1833ರಲ್ಲಿ ಹ್ಯಾಂಬರ್ಗ್ ಬಳಿ ಬಡಮಕ್ಕಳಿಗಾಗಿ ‘ರೌಹೆಸ್ ಹೌಸ್’ ಎಂಬ ಆಶ್ರಯಧಾಮ ತೆರೆದ. ಕ್ರಿಸ್‌ಮಸ್ ಎಂದು ಬರುತ್ತದೆ ಎಂದು ಮಕ್ಕಳು ದಿನಾ ಪೀಡಿಸುತ್ತಿದ್ದರಂತೆ. 1839ರಲ್ಲಿ ಆತ ಹಳೆಯ ಗಾಡಿಯ ಚಕ್ರವೊಂದರ ಮೇಲೆ ಮೇಣದಬತ್ತಿಗಳನ್ನು ನಿಲ್ಲಿಸಿದ: ಹಬ್ಬಕ್ಕೆ ಮುಂಚಿನ ಭಾನುವಾರಗಳಿಗೆ ನಾಲ್ಕು ದೊಡ್ಡ ಬಿಳಿಯವು, ವಾರದ ಉಳಿದ ದಿನಗಳಿಗೆ ಚಿಕ್ಕ ಕೆಂಪಿನವು. ದಿನಕ್ಕೊಂದು ಹೆಚ್ಚು ಹಚ್ಚುತ್ತ ಹೋದರೆ ಎಲ್ಲವೂ ಬೆಳಗಿದ ದಿನ ಹಬ್ಬ. ಎಣಿಕೆ ಬಾರದ ಮಗುವಿಗೂ ಅರ್ಥವಾಗುವ ಪಂಚಾಂಗ ಇದು. ಹಸಿರು ಕೊಂಬೆಗಳು ಸೇರಿಕೊಂಡದ್ದು ಆಮೇಲೆ. ಗಾಡಿಯ ಚಕ್ರ ಎಲ್ಲರ ಮನೆಯಲ್ಲಿ ಹಿಡಿಸದು, ಹಾಗಾಗಿ ಬತ್ತಿಗಳು ನಾಲ್ಕಕ್ಕೆ ಇಳಿದವು. 1925ರ ಹೊತ್ತಿಗೆ ಈ ಬಳೆ ಕಲೋನ್‌ನ ಕ್ಯಾಥೊಲಿಕ್ ಚರ್ಚೊಂದನ್ನೂ ಹೊಕ್ಕಿತು. ಚರ್ಚಿನ ಅಲಂಕಾರ ಮನೆಗೆ ಬರುವುದು ವಾಡಿಕೆ. ಇಲ್ಲಿ ಬಡಮಕ್ಕಳ ಲೆಕ್ಕದ ಚಕ್ರ ಬಲಿಪೀಠದ ಪಕ್ಕಕ್ಕೆ ಹೋಯಿತು. ಕ್ಯಾಥೊಲಿಕರು ಅದಕ್ಕೆ ತಮ್ಮ ಬಣ್ಣ ಕೊಟ್ಟರು: ಕ್ರಿಸ್‌ಮಸ್‌ಗೆ ಮುಂಚಿನ ಈ ನಾಲ್ಕು ವಾರಗಳ, ಅಂದರೆ ಆಗಮನ ಕಾಲದ, ಮೂರು ನೇರಳೆ ಬತ್ತಿ, ಮೂರನೆಯ ಭಾನುವಾರಕ್ಕೆ ಒಂದು ಗುಲಾಬಿ.

ವಿಶೆರ್ನ್ ಚಿತ್ರದ್ವೇಷಿಯಲ್ಲ ಎಂಬುದನ್ನೂ ಹೇಳಬೇಕು. ಅವನ ಪಂಥದ ಮೂಲಪುರುಷ ಲೂಥರನಿಗೆ ಪ್ರತಿಮೆಗಳ ಮೇಲೆ ಜ್ವಿಂಗ್ಲಿಯಷ್ಟು ಸಿಟ್ಟಿರಲಿಲ್ಲ. ಅವನ ತಕರಾರು ಬೇರೆ: ಮನುಷ್ಯನ ಯಾವ ಕೆಲಸವೂ ಅವನಿಗೆ ಮೋಕ್ಷ ಗಳಿಸಿಕೊಡುವುದಿಲ್ಲ. ಹಾಗಾದರೆ ಕೊಂಬೆ ಬಾಗಿಸಿ ಬಳೆ ಕಟ್ಟುವುದರಿಂದ ಬಂದ ಪುಣ್ಯವೇನು? ಏನೂ ಇಲ್ಲ. ಅದೇ ಅದರ ಸೊಗಸು. ಪುಣ್ಯದ ಆಸೆ ಕಳಚಿಬಿದ್ದ ಮೇಲೆ ಕೈಗೆಲಸಕ್ಕೆ ಉಳಿಯುವುದು ಒಂದೇ ಉದ್ಯೋಗ, ಕಾಯುವುದು. ಆ ಬತ್ತಿಗೆ ಯಾರೂ ಕೈಮುಗಿಯಬೇಕಿಲ್ಲ. ಹಬ್ಬ ಮುಗಿಯುವಷ್ಟರಲ್ಲಿ ಅದು ಕರಗಿ ಮುಗಿದಿರುತ್ತದೆ.

ನಕ್ಷತ್ರದ್ದೂ ಹೆಚ್ಚುಕಡಿಮೆ ಇದೇ ಸ್ವಭಾವ. ಜರ್ಮನಿಯ ನೀಸ್ಕಿಯಲ್ಲಿ ಮೊರಾವಿಯನ್ ಪಂಥದವರ ವಸತಿಶಾಲೆಯಿತ್ತು. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಅಲ್ಲಿಯ ಹುಡುಗರು ಕಾಗದ ಮಡಚಿ ಮಾಡಿದ ಹಲವು ಕೋಡಿನ ನಕ್ಷತ್ರ ಶುರುವಾದದ್ದು ರೇಖಾಗಣಿತದ ಪಾಠವಾಗಿ. ತಂದೆತಾಯಿ ದೂರದ ನಾಡುಗಳಲ್ಲಿ ಮಿಷನ್ ಕೆಲಸದಲ್ಲಿದ್ದ ಮಕ್ಕಳೂ ಇಂಥ ಶಾಲೆಗಳಲ್ಲಿದ್ದರು. ಆಗಮನ ಕಾಲದ ಮೊದಲ ಭಾನುವಾರ ಅದನ್ನು ಕೂಡಿಸುವುದು, ಹಬ್ಬದ ನಂತರ ಬಿಚ್ಚಿಡುವುದು, ಮರುವರ್ಷ ಮತ್ತೆ ಜೋಡಿಸುವುದು ರೂಢಿಯಾಯಿತು. ವರ್ಷವಿಡೀ ತೂಗುಹಾಕಿದರೆ ಅದು ಬರೀ ಲಾಟೀನು.

ಕ್ರಾಸ್ ಸ್ಟಿಚ್ ವಿಷಯಕ್ಕೆ ಬಂದರೆ ಈ ವಾದ ಅಷ್ಟು ಸಲೀಸಾಗಿ ಸಾಗುವುದಿಲ್ಲ. ಬಟ್ಟೆ ಕರಗುವುದಿಲ್ಲ. ಇಂಗ್ಲೆಂಡಿನಲ್ಲೂ ಅಮೆರಿಕದಲ್ಲೂ ಹುಡುಗಿಯರು ಎಳೆ ಎಣಿಸಿ ಅಕ್ಷರ, ಅಂಕಿ, ಬೈಬಲ್ ವಾಕ್ಯ ಹೊಲಿದ ‘ಸ್ಯಾಂಪ್ಲರ್’ ಬಟ್ಟೆಗಳು ಶತಮಾನಗಳಿಂದ ಉಳಿದು ಬಂದಿವೆ. ಅದೇ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಪ್ಯೂರಿಟನ್ನರೆಂಬ ಕಟ್ಟುನಿಟ್ಟಿನ ಪ್ರಾಟೆಸ್ಟೆಂಟರು 1659ರಲ್ಲಿ ಕ್ರಿಸ್‌ಮಸ್ ಆಚರಿಸಿದವರಿಗೆ ಐದು ಶಿಲಿಂಗ್ ದಂಡ ಹಾಕುವ ಕಾನೂನು ಮಾಡಿದರು. ಅದು ರದ್ದಾದದ್ದು 1681ರಲ್ಲಿ. ಪಕ್ಕದ ಪ್ಲಿಮತ್‌ನಲ್ಲಿ, ಸುಮಾರು 1653ರಲ್ಲಿ, ಲೋರಾ ಸ್ಟ್ಯಾಂಡಿಶ್ ಎಂಬ ಹುಡುಗಿ ಹೂಬಳ್ಳಿಗಳ ಸಾಲು ಸಾಲು ಹೊಲಿದು, ಕೊನೆಗೆ ತನ್ನ ಹೆಸರನ್ನೂ ಪ್ರಾರ್ಥನೆಯನ್ನೂ ಸೇರಿಸಿದಳು. ಹಬ್ಬವನ್ನು ಒಪ್ಪದ ನಾಡಿನಲ್ಲಿ ಹೂವಿಗೆ ಸೂಜಿಯ ದಾರಿಯಿತ್ತು. ಗೃಹಕೃತ್ಯದ ಕಲಿಕೆಯೆಂಬ ನೆಪ ಸಿಕ್ಕರೆ ಅಲಂಕಾರವೂ ಸದ್ಗುಣವಾಗಿಬಿಡುತ್ತದೆ!

ಈ ಸಾಲಿನ ಅತಿ ವಿಚಿತ್ರ ಬಟ್ಟೆ ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಸಸೆಕ್ಸ್ ಸೀಮೆಯಲ್ಲಿ 1813ರಲ್ಲಿ ಹುಟ್ಟಿದ ಎಲಿಜಬೆತ್ ಪಾರ್ಕರ್ ಮನೆಗೆಲಸದ ಹುಡುಗಿ. ಸುಮಾರು 1830ರಲ್ಲಿ ಅವಳು ನಾರುಬಟ್ಟೆಯ ಮೇಲೆ ಕೆಂಪು ರೇಷ್ಮೆಯಲ್ಲಿ ತನ್ನ ಕತೆಯನ್ನೇ ಹೊಲಿದಳು. ಹೂವಿಲ್ಲ, ಅಂಚಿಲ್ಲ, ಬರೀ ಅಕ್ಷರ. ಬರೆಯಲು ಬಾರದ್ದರಿಂದ ಹೊಲಿಯುತ್ತಿದ್ದೇನೆ ಎಂದು ಮೊದಲೇ ತಿಳಿಸುತ್ತಾಳೆ. ಯಜಮಾನರ ಕ್ರೌರ್ಯ, ಸಾಯಬೇಕೆನಿಸಿದ ಗಳಿಗೆ, ಪಾಪದ ಭಯ ಎಲ್ಲವೂ ಅಲ್ಲಿವೆ. ತನ್ನ ಆತ್ಮದ ಗತಿ ಏನಾದೀತು ಎಂಬ ಪ್ರಶ್ನೆಯಲ್ಲಿ ಮಾತು ನಡುವೆಯೇ ನಿಂತುಹೋಗುತ್ತದೆ. ಕೆಳಗೆ ಬಟ್ಟೆ ಖಾಲಿಯಾಗಿಯೇ ಉಳಿದಿದೆ. ಇದನ್ನು ಅಲಂಕಾರವೆಂದು ಗೋಡೆಗೆ ಹಾಕುವವರಾರು? ಒಂದೊಂದು ಅಕ್ಷರಕ್ಕೂ ಹತ್ತಾರು ಸಲ ಸೂಜಿ ಒಳಹೊರಗಾಗಬೇಕು. ಅಷ್ಟು ನಿಧಾನವಾಗಿ ಹೇಳಿಕೊಂಡ ದುಃಖದ ಜೊತೆ ಅವಳು ಬಹಳ ಹೊತ್ತು ಕೂತಿರಲೇಬೇಕು. ಆ ಕೂರುವಿಕೆಯೇ ಅವಳನ್ನು ಬದುಕಿಸಿತು ಎನ್ನಲು ಯಾವ ಪುರಾವೆಯೂ ಇಲ್ಲ. ಆದರೆ ಅವಳು ಬದುಕಿದಳು. ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದಳು, 1889ರವರೆಗೂ ಇದ್ದಳು.

ಬತ್ತಿಯೂ ಹೊಲಿಗೆಯೂ ಕೂಡುವುದು ಇಲ್ಲಿ. ಎರಡರಲ್ಲೂ ತೂಕ ಇರುವುದು ವಸ್ತುವಿನಲ್ಲಲ್ಲ, ಅದು ನುಂಗಿದ ಹೊತ್ತಿನಲ್ಲಿ.

ಕನ್ನಡಿಗರಿಗೆ ಇದು ತೀರ ಹೊರಗಿನ ಮಾತೇನಲ್ಲ. ಧಾರವಾಡದ ಕಸೂತಿಯ ಗವಂತಿ, ಮುರಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳಲ್ಲಿ ಮೆಂತೆಯೆಂದರೆ ಕ್ರಾಸ್ ಸ್ಟಿಚ್ಚೇ. ಅಲ್ಲೂ ಮೊದಲು ಗೀಚಿಕೊಳ್ಳದೆ ಎಳೆ ಎಣಿಸಿಯೇ ತೇರು, ಗೋಪುರ, ತುಳಸಿಕಟ್ಟೆ ಮೂಡಬೇಕು. ಮಣ್ಣಿನ ಗಣಪನನ್ನು ಕೂರಿಸಿ ನೀರಿಗೆ ಬಿಡುವವರಿಗೆ ಕೈಯಾರೆ ಮಾಡಿದ್ದನ್ನು ಕೈಯಾರೆ ಕರಗಿಸುವ ತರ್ಕವನ್ನು ವಿವರಿಸಬೇಕಿಲ್ಲ. ವ್ಯತ್ಯಾಸವೂ ಸಣ್ಣದಲ್ಲ. ಗಣಪನಲ್ಲಿ ದೇವರನ್ನು ಆವಾಹಿಸುತ್ತಾರೆ, ಆಮೇಲೆ ಬೀಳ್ಕೊಡುತ್ತಾರೆ. ವಿಶೆರ್ನ್‌ನ ಚಕ್ರದಲ್ಲಿ ಯಾರೂ ಬಂದು ಕೂರುವುದಿಲ್ಲ. ಬರುವವನಿಗಾಗಿ ಜಾಗ ಖಾಲಿ ಇಟ್ಟಿರುತ್ತದೆ, ಅಷ್ಟೆ.

ಈಗ ಬ್ಯಾಟರಿಯ ಮೇಣದಬತ್ತಿ ಬಂದಿದೆ. ಒಣಗಿದ ಕೊಂಬೆಯ ನಡುವೆ ಬೆಂಕಿಯಿಟ್ಟು ಮಕ್ಕಳನ್ನು ಸುತ್ತ ಕೂರಿಸುವುದು ಅಪಾಯವೇ. 2006ರಲ್ಲಿ ಇಂಗ್ಲೆಂಡಿನ ಚೆಲ್ಮ್ಸ್‌ಫರ್ಡ್ ಕ್ಯಾಥೆಡ್ರಲ್ ಇದೇ ಕಾರಣಕ್ಕೆ, ಕ್ರಿಸ್‌ಮಸ್ ಕಾಲದ ಆರಾಧನೆಯಲ್ಲಿ ಮಕ್ಕಳು ಕಿತ್ತಳೆಹಣ್ಣಿಗೆ ಚುಚ್ಚಿ ಹಿಡಿಯುವ ಬತ್ತಿಯ ಬದಲು ಬಣ್ಣದ ಬೆಳಕು ಸೂಸುವ ಪ್ಲಾಸ್ಟಿಕ್ ಕಡ್ಡಿ ಕೊಟ್ಟಿತು, ಗೇಲಿಯೂ ಆಯಿತು. ನೂರಾರು ಮಕ್ಕಳ ಗುಂಪಿಗೆ ಅದು ಸರಿಯಾದ ತೀರ್ಮಾನವೇ. ಮನೆಯ ಮೇಜಿಗೆ ಮಾತ್ರ ಮೇಣವೇ ಬೇಕು. ನಾಲ್ಕನೆಯ ಭಾನುವಾರ ನಾಲ್ಕೂ ಹೊತ್ತಿಕೊಂಡಾಗ ಮೊದಲನೆಯದು ಮೋಟಾಗಿರುತ್ತದೆ, ಎರಡನೆಯದು ಕೊಂಚ ಎತ್ತರ, ಕೊನೆಯದು ಹೊಚ್ಚ ಹೊಸತು. ಕಳೆದ ಮೂರು ವಾರಗಳನ್ನು ಮಗು ಬೆರಳಿಟ್ಟು ಅಳೆಯಬಹುದು. ಬ್ಯಾಟರಿಯ ನಾಲ್ಕು ಬತ್ತಿಗಳು ಜನವರಿಯಲ್ಲೂ ಒಂದೇ ಎತ್ತರ.