ಪುಂಡಾನೆ ಎಂಬ ಮಾತು

ದೇವರಾಜ ಮೊಹಲ್ಲಾದಲ್ಲಿರುವ ನಮಗೆ ಆನೆ ಅಪರಿಚಿತವಲ್ಲ. ವಿಜಯದಶಮಿಯ ದಿನ ಜಂಬೂಸವಾರಿ ಸಯ್ಯಾಜಿರಾವ್ ರಸ್ತೆಯಲ್ಲಿ ಮಾರುಕಟ್ಟೆಯ ಮುಂದೆಯೇ ಹಾದು ಬನ್ನಿಮಂಟಪಕ್ಕೆ ಸಾಗುತ್ತದೆ. ಅಂದು ಕೈಮುಗಿದ ನಾವೇ ಮತ್ತೊಂದು ದಿನ 'ಪುಂಡಾನೆ ಸೆರೆ' ಎಂಬ ಸುದ್ದಿಯನ್ನೋದಿ ನೆಮ್ಮದಿಯಿಂದ ಕಾಫಿ ಕುಡಿಯುತ್ತೇವೆ.

ಇಂಗ್ಲಿಷರು ಇಂಥ ಆನೆಯನ್ನು 'ರೋಗ್' ಎಂದರು. ಅದು ಮೊದಲು ಆನೆಗೆ ಹೇಳಿದ ಮಾತಲ್ಲ. ಹದಿನಾರನೆಯ ಶತಮಾನದ ಇಂಗ್ಲೆಂಡಿನಲ್ಲಿ ನೆಲೆಯಿಲ್ಲದೆ ಅಲೆಯುವ ತಿರುಕನಿಗೆ ಆ ಹೆಸರಿತ್ತು. 1572ರ ಕಾನೂನು ಅಂಥವನಿಗೆ ಚಾಟಿಯೇಟು ವಿಧಿಸಿತ್ತು. ಒಂಟಿಯಾಗಿ ಅಲೆಯುವುದೇ ತಪ್ಪೆಂಬ ಭಾವ ಮಾತಿನೊಡನೆ ಆನೆಗೂ ಅಂಟಿತು. ಗಂಡಾನೆ ಪ್ರಾಯಕ್ಕೆ ಬಂದಾಗ ಹಿಂಡನ್ನು ಬಿಟ್ಟು ಹೋಗುವುದಾದರೋ ಅದರ ಸಹಜಧರ್ಮ. ನಮ್ಮ 'ಒಂಟಿಸಲಗ' ಎಂಬ ಮಾತು ಅಷ್ಟನ್ನು ಮಾತ್ರ ಹೇಳಿ ಸುಮ್ಮನಾಗುತ್ತದೆ. 'ಪುಂಡ' ಎಂದೊಡನೆ ವರ್ಣನೆ ಮುಗಿದು ತೀರ್ಪು ಬಂದಿತು.

ತೋಟದ ಕೂಲಿಗೆ ಹೋದವನು ಆನೆಯ ಕಾಲಿಗೆ ಸಿಕ್ಕಿ ಸತ್ತಾಗ, ಅವನ ಮನೆಯವರ ಮುಂದೆ ನಿಘಂಟು ಬಿಚ್ಚುವುದು ಕ್ರೌರ್ಯವೇ ಸರಿ. ಆನೆಯನ್ನು ಹಿಡಿಯಬೇಕಾಗಬಹುದು. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಅಂಥ ಪ್ರಾಣಿಯನ್ನು ಪುಂಡನೆನ್ನದೆ, ಮನುಷ್ಯನ ಜೀವಕ್ಕೆ 'ಅಪಾಯಕಾರಿಯಾಗಿ ಪರಿಣಮಿಸಿದೆ' ಎನ್ನುತ್ತದೆ. ಪರಿಣಮಿಸಿತು ಎಂದರೆ, ಏಕೆ ಎಂದು ಕೇಳಲು ಎಡೆಯಿದೆ. ಕಾಡಿನ ಅಂಚಿಗೆ ಗದ್ದೆ ಬಂದಿತೆ? ಆನೆ ನಡೆಯುವ ದಾರಿಗೆ ಬೇಲಿ ಬಿದ್ದಿತೆ? ಪುಂಡನೆಂದರೆ ದೋಷವೆಲ್ಲ ಅದರ ಹುಟ್ಟುಗುಣದಲ್ಲಿದೆ. ನಾವು ಕೇಳಿಕೊಳ್ಳಬೇಕಾದ್ದೇನೂ ಉಳಿಯಲಿಲ್ಲ.

ಅರ್ಜುನನನ್ನು ನೆನೆಯೋಣ. 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಸೆರೆಸಿಕ್ಕ ಆನೆ ಅದು. ಒಮ್ಮೆ ಮಾವುತನೊಬ್ಬನ ಸಾವಿಗೆ ಕಾರಣವಾಯಿತೆಂದು ಅದನ್ನು ದಸರೆಯಿಂದ ದೂರವಿಟ್ಟಿದ್ದರು. ಮುಂದೆ ಅದೇ ಅರ್ಜುನ 2012ರಿಂದ 2019ರವರೆಗೆ 750 ಕಿಲೋ ತೂಕದ ಚಿನ್ನದ ಅಂಬಾರಿಯಲ್ಲಿ ಚಾಮುಂಡೇಶ್ವರಿಯನ್ನು ಹೊತ್ತು ನಮ್ಮೆದುರು ನಡೆಯಿತು. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡಾನೆಗಳನ್ನು ಹಿಡಿಯುವ ಕೆಲಸದಲ್ಲಿದ್ದಾಗ ಕಾಡಾನೆಯೊಂದರೊಡನೆ ಕಾದಾಡಿ ಸತ್ತಿತು. ಆಗ ನಾಡೇ ಅತ್ತಿತು. ಎದುರಿಗೆ ನಿಂತದ್ದು ಮಾತ್ರ ನಮಗೆ ಬರಿಯ ಪುಂಡಾನೆ. ಅದಕ್ಕೆ ಐವತ್ತೈದು ವರ್ಷಗಳ ಹಿಂದೆ ಅರ್ಜುನನೂ ಕಾಡಿನದೇ ಅಲ್ಲವೆ?

ಪಾಠ ಹೇಳುವ ವೃತ್ತಿಯವನು ನಾನು. ಹುಡುಗನೊಬ್ಬನನ್ನು ಒಮ್ಮೆ ಪೋಲಿಯೆಂದು ಕರೆದುಬಿಟ್ಟರೆ, ಅವನು ಬೆಳಿಗ್ಗೆ ಉಂಡು ಬಂದನೆ ಎಂದು ಆಮೇಲೆ ಯಾರೂ ಕೇಳುವುದಿಲ್ಲ. ನಾನೂ ಕೇಳದೆ ಹೋದದ್ದುಂಟು. ಮಾಡಿದ್ದನ್ನು ಹೇಳೋಣ, ಬೇಕಾದರೆ ತಡೆಯೋಣ. ಹೆಸರಿಡುವ ಮುನ್ನ ಮಾತ್ರ ತುಸು ತಾಳೋಣ.