ಲಿಸ್ಬನ್ ಭೂಕಂಪ ಮತ್ತು ಹೊಣೆಯ ಪ್ರಶ್ನೆ

ವಿಪತ್ತು ಎರಗಿದಾಗ ಮನುಷ್ಯರ ಬಾಯಲ್ಲಿ ಮೊದಲು ಹೊರಡುವ ಮಾತು ‘ಹೀಗೇಕಾಯಿತು’ ಎಂಬುದು. ಆ ‘ಏಕೆ’ ಎಂಬ ಪದದೊಳಗೆ ‘ಯಾವ ಕಾರಣದಿಂದ’ ಎಂಬ ಪ್ರಶ್ನೆಯೂ ‘ಯಾರ ತಪ್ಪಿನಿಂದ’ ಎಂಬ ಪ್ರಶ್ನೆಯೂ ಹೆಣೆದುಕೊಂಡಿರುತ್ತವೆ. 1755ರ ನವೆಂಬರ್ 1ರಂದು ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್ನನ್ನು ಹಾಳುಗೆಡವಿದ ಭೂಕಂಪವು ಈ ಎರಡು ಪ್ರಶ್ನೆಗಳನ್ನು ಬಿಡಿಸಿ ನೋಡುವಂತೆ ಯುರೋಪಿನ ಚಿಂತಕರನ್ನು ಒತ್ತಾಯಿಸಿತು. ತತ್ತ್ವಶಾಸ್ತ್ರವನ್ನು ಬೋಧಿಸಿ ನಿವೃತ್ತರಾದ ಅಧ್ಯಾಪಕರೊಬ್ಬರು ಮತ್ತು ಅವರ ಬಳಿ ದರ್ಶನಗ್ರಂಥಗಳನ್ನು ಓದುತ್ತಿರುವ, ಕಟ್ಟಡಗಳ ಭದ್ರತೆಯನ್ನು ಪರಿಶೀಲಿಸುವುದೇ ವೃತ್ತಿಯಾಗಿರುವ ಇಂಜಿನಿಯರ್ ಒಬ್ಬಳು ಆ ಘಟನೆಯನ್ನು ಮುಂದಿಟ್ಟುಕೊಂಡು ನಡೆಸುವ ಸಂವಾದವಿದು.

ಅಧ್ಯಾಪಕರು: ಆ ದಿನದ ವಿವರಗಳಿಂದಲೇ ತೊಡಗೋಣ, ಏಕೆಂದರೆ ಲಿಸ್ಬನ್ನಿನ ವಿಚಾರದಲ್ಲಿ ತತ್ತ್ವಜ್ಞರನ್ನು ಕಾಡಿದ್ದು ವಿವರಗಳೇ. ಅಂದು ಕ್ರೈಸ್ತರ ಸಕಲ ಸಂತರ ಹಬ್ಬ. ಬೆಳಿಗ್ಗೆ ಒಂಬತ್ತೂವರೆ ದಾಟಿ, ಇಗರ್ಜಿಗಳು ಭಕ್ತರಿಂದ ತುಂಬಿದ್ದ ಹೊತ್ತಿನಲ್ಲಿ ನೆಲ ನಡುಗಿ, ಕಲ್ಲಿನ ಕಮಾನುಗಳು ಪ್ರಾರ್ಥಿಸುತ್ತಿದ್ದವರ ಮೇಲೆಯೇ ಕುಸಿದವು. ಬದುಕುಳಿದವರು ಬಯಲನ್ನು ಹುಡುಕುತ್ತ ಟೇಗಸ್ ನದಿಯ ದಂಡೆಗೆ ಓಡಿದರು. ಅಲ್ಲಿ ನೀರು ಮೊದಲು ಹಿಂದೆ ಸರಿದು ನದೀಮುಖದ ತಳ ಬತ್ತಲಾಯಿತು, ಬಳಿಕ ಅದೇ ನೀರು ಉಬ್ಬಿ ಬಂದು ದಂಡೆಯಲ್ಲಿ ನಿಂತವರನ್ನು ಸೆಳೆದೊಯ್ದಿತು. ಹಬ್ಬಕ್ಕೆಂದು ಹಚ್ಚಿದ್ದ ಮೇಣದಬತ್ತಿಗಳಿಂದಲೂ ಮನೆಮನೆಯ ಒಲೆಗಳಿಂದಲೂ ಹೊತ್ತಿಕೊಂಡ ಬೆಂಕಿ ಐದಾರು ದಿನ ಉರಿದು, ಅರಮನೆಯ ಗ್ರಂಥಾಲಯವನ್ನೂ ರೋಗಿಗಳು ಮಲಗಿದ್ದ ದೊಡ್ಡ ಆಸ್ಪತ್ರೆಯನ್ನೂ ನುಂಗಿತು. ಸತ್ತವರು 30,000 ಎನ್ನುವವರಿದ್ದಾರೆ, 60,000 ಎನ್ನುವವರೂ ಇದ್ದಾರೆ. ಇಗರ್ಜಿಗಳು ಉರುಳಿದ ಆ ನಗರದಲ್ಲಿ ವೇಶ್ಯಾಗೃಹಗಳಿದ್ದ ಬೀದಿಗಳು ಬಹುಮಟ್ಟಿಗೆ ಉಳಿದುಕೊಂಡವು ಎಂಬ ಸಂಗತಿ ಯುರೋಪಿನಾದ್ಯಂತ ಹಬ್ಬಿ ಧರ್ಮಬೋಧಕರ ಬಾಯಿ ಕಟ್ಟಿತು.

ಇಂಜಿನಿಯರ್: ಗುರುಗಳೇ, ಆ ಬೀದಿಗಳು ಉಳಿದದ್ದಕ್ಕೆ ನೆಲದ ಗುಣವೇ ಸಾಕಷ್ಟು ಉತ್ತರ ಕೊಡುತ್ತದೆ. ಅಲ್ಫಾಮ ಎಂಬ ಆ ಕೇರಿ ಗಟ್ಟಿ ನೆಲದ ದಿಣ್ಣೆಯ ಮೇಲಿತ್ತು, ಹಾಳಾದ ಕೆಳಪೇಟೆ ನದಿ ತಂದು ಸುರಿದ ಸಡಿಲ ಮೆಕ್ಕಲಿನ ಮೇಲಿತ್ತು; ಸಡಿಲ ಮಣ್ಣು ಕಂಪನವನ್ನು ತಗ್ಗಿಸುವ ಬದಲು ಹಿಗ್ಗಿಸುತ್ತದೆ. ಪೋರ್ಚುಗಲ್ಲಿನ ನೈಋತ್ಯಕ್ಕೆ, ಅಟ್ಲಾಂಟಿಕ್ ಸಾಗರದ ತಳದಲ್ಲಿ, ಆಫ್ರಿಕದ ಭೂಫಲಕವೂ ಯುರೇಷ್ಯದ ಭೂಫಲಕವೂ ಒಂದನ್ನೊಂದು ಒತ್ತುವ ಎಡೆಯಲ್ಲಿ ಆ ಕಂಪನ ಹುಟ್ಟಿತು, ಅದರ ಪ್ರಮಾಣ 8.5ರ ಆಸುಪಾಸು ಇದ್ದಿರಬೇಕೆಂದು ಈಗಿನ ಅಂದಾಜು. ಸಮುದ್ರದ ತಳವೇ ಮೇಲೆದ್ದು ನೀರನ್ನು ತಳ್ಳಿದ್ದರಿಂದ ಸುನಾಮಿ ಎದ್ದಿತು. ಈ ಸರಪಳಿಯ ಯಾವ ಕೊಂಡಿಯಲ್ಲಿಯೂ ಪಾಪಪುಣ್ಯಗಳಿಗೆ ಎಡೆಯಿಲ್ಲ.

ಅಧ್ಯಾಪಕರು: ‘ಯಾವ ಕಾರಣದಿಂದ’ ಎಂಬುದಕ್ಕೆ ಉತ್ತರ ದೊರೆಯಿತು, ಆದರೆ ಮಗುವನ್ನು ಕಳೆದುಕೊಂಡ ತಾಯಿಗೆ ಭೂಫಲಕದ ಕಥೆ ಹೇಳಿದರೆ ಅವಳ ‘ಏಕೆ’ ತಣಿಯುವುದಿಲ್ಲವಮ್ಮ. ಜರ್ಮನಿಯ ಲೈಬ್ನಿಜ್ 1710ರಲ್ಲಿ ಬರೆದ ಗ್ರಂಥಕ್ಕೆ ‘ಥಿಯಾಡಿಸಿ’ ಎಂದು ಹೆಸರಿಟ್ಟ. ಲೋಕದಲ್ಲಿ ಕೇಡು ಇದ್ದರೂ ದೇವರು ನ್ಯಾಯವಂತನೇ ಎಂದು ತರ್ಕದಿಂದ ಸಮರ್ಥಿಸುವುದು ಎಂದು ಆ ಪದದ ತಾತ್ಪರ್ಯ. ಇರಬಹುದಾದ ಎಲ್ಲ ಲೋಕಗಳಲ್ಲಿ ಇದೇ ಉತ್ತಮವಾದುದು, ಬಿಡಿಬಿಡಿಯಾಗಿ ಕಾಣುವ ಕೇಡು ಇಡಿಯ ಒಳಿತಿಗೆ ಬೇಕಾದುದು ಎಂಬುದು ಅವನ ವಾದ. ನಮ್ಮ ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿಯೂ ಇದೇ ಶಂಕೆ ಏಳುತ್ತದೆ: ಒಬ್ಬರಿಗೆ ಸುಖ, ಇನ್ನೊಬ್ಬರಿಗೆ ದುಃಖ ಕೊಡುವ ಈಶ್ವರನಿಗೆ ವೈಷಮ್ಯ, ಅಂದರೆ ಪಕ್ಷಪಾತ, ಮತ್ತು ನೈರ್ಘೃಣ್ಯ, ಅಂದರೆ ಕರುಣೆಯಿಲ್ಲದಿರುವಿಕೆ, ಎಂಬ ದೋಷಗಳು ತಗಲುವುದಿಲ್ಲವೇ? ಈಶ್ವರನು ಜೀವಿಗಳ ಕರ್ಮವನ್ನು ಅನುಸರಿಸಿಯೇ ಫಲ ಕೊಡುತ್ತಾನೆ, ಆದ್ದರಿಂದ ದೋಷವಿಲ್ಲ ಎಂಬುದು ಅಲ್ಲಿಯ ಸಮಾಧಾನ.

ಇಂಜಿನಿಯರ್: ಲೈಬ್ನಿಜ್‌ನ ಸಮಾಧಾನ ಕೇಡನ್ನು ಇಡಿಯ ಲೆಕ್ಕದಲ್ಲಿ ಕರಗಿಸುತ್ತದೆ, ನಮ್ಮ ಸಮಾಧಾನ ಅದನ್ನು ಸತ್ತವರ ಖಾತೆಗೇ ಬರೆಯುತ್ತದೆ. ಒಂದೇ ಬೆಳಿಗ್ಗೆ ಸತ್ತ ಸಾವಿರಾರು ಮಂದಿಯ ಕರ್ಮ ಒಂದೇ ಮುಹೂರ್ತದಲ್ಲಿ ಪಕ್ವವಾಯಿತೆಂದು ಒಪ್ಪಿಕೊಂಡರೆ, ಅವಶೇಷಗಳಡಿಯಿಂದ ಯಾರನ್ನಾದರೂ ಎಳೆದು ಉಳಿಸಲು ಹೋಗುವುದಕ್ಕೂ ಕಾರಣ ಉಳಿಯುವುದಿಲ್ಲ.

ಅಧ್ಯಾಪಕರು: ಉಳಿಸಲು ಹೋದವನ ಕೈಯೂ ಕರ್ಮದ ಒಳಗೇ ಬರುತ್ತದೆ ಎಂದು ಶಾಸ್ತ್ರಜ್ಞರು ಹೇಳಬಹುದು; ಆದರೂ ನಿನ್ನ ಆಕ್ಷೇಪದ ಮೊನೆ ಸರಿಯಾದ ಕಡೆಗೇ ಇದೆ. ಲಿಸ್ಬನ್ನಿನಲ್ಲಿ ಗೇಬ್ರಿಯಲ್ ಮಲಗ್ರೀಡ ಎಂಬ ಜೆಸ್ವಿಟ್ ಪಾದ್ರಿ 1756ರಲ್ಲಿ ಪ್ರಕಟಿಸಿದ ಕಿರುಹೊತ್ತಿಗೆಯಲ್ಲಿ, ಭೂಕಂಪಕ್ಕೆ ಪ್ರಕೃತಿಯ ಕಾರಣಗಳನ್ನು ಹೇಳುವುದೇ ಅಪಚಾರ, ಅದು ನಗರದ ಪಾಪಕ್ಕೆ ಬಂದ ಶಿಕ್ಷೆ, ಈಗ ಬೇಕಾದದ್ದು ಪ್ರಾಯಶ್ಚಿತ್ತ ಎಂದು ಸಾರಿದ. ಹಾಗೆಂದು ಅವನನ್ನು ಮೂಢನೆಂದು ಬದಿಗೆ ಸರಿಸುವಂತಿಲ್ಲ. 1934ರ ಜನವರಿ 15ರಂದು ಬಿಹಾರವನ್ನೂ ನೇಪಾಳವನ್ನೂ ನಡುಗಿಸಿ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಕೊಂದ ಭೂಕಂಪವು ಅಸ್ಪೃಶ್ಯತೆಯೆಂಬ ಮಹಾಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದವರು ಗಾಂಧೀಜಿ.

ಇಂಜಿನಿಯರ್: ಅದನ್ನು ಓದಿದಾಗಲೆಲ್ಲ ಸಂಕಟವಾಗುತ್ತದೆ. ಕುಸಿದ ಗೋಡೆ ಜಾತಿ ಕೇಳುವುದಿಲ್ಲ. ಯಾರ ಮೇಲೆ ಆ ಪಾಪ ಎಸಗಲಾಗಿತ್ತೋ ಅವರೂ ಅಲ್ಲಿ ಸತ್ತರು.

ಅಧ್ಯಾಪಕರು: ರವೀಂದ್ರನಾಥ ಠಾಕೂರರೂ ಸುಮ್ಮನಿರಲಿಲ್ಲ. ಭೌತಿಕ ವಿಪತ್ತಿಗೆ ಭೌತಿಕ ಕಾರಣಗಳೇ ಮೂಲ, ನೈತಿಕ ನಿಯಮವನ್ನು ವಿಶ್ವದ ವ್ಯಾಪಾರಕ್ಕೆ ಕಟ್ಟಿಹಾಕಿದರೆ ಜನರಲ್ಲಿ ಅವಿವೇಕ ಬೆಳೆಯುತ್ತದೆ ಎಂದು ಅವರು ಬರೆದರು. ಗಾಂಧೀಜಿ ಆ ವಿರೋಧವನ್ನು ತಮ್ಮ ‘ಹರಿಜನ’ ಪತ್ರಿಕೆಯಲ್ಲಿಯೇ ಅಚ್ಚು ಹಾಕಿ ಉತ್ತರಿಸಿದರು. ಇದೇ ಬಗೆಯ ವಾದ ಗಾಂಧೀಜಿಯವರ ವಿರೋಧಿಗಳ ಮನಸ್ಸಿಗೇ ಹೆಚ್ಚು ಒಗ್ಗುತ್ತದೆ ಎಂಬುದು ಠಾಕೂರರ ಪತ್ರದ ಅತ್ಯಂತ ಹರಿತವಾದ ಅಂಶ. ಅಸ್ಪೃಶ್ಯತೆಯನ್ನು ಅಳಿಸಹೊರಟಿದ್ದಕ್ಕೇ ದೇವರು ಮುನಿದನೆಂದು ಸನಾತನಿಗಳು ಹೇಳಿದರೆ ಅದನ್ನು ಸುಳ್ಳೆಂದು ತೋರಿಸುವ ಸಾಧನವೇ ಇರುವುದಿಲ್ಲ. ಗಾಂಧೀಜಿಯವರ ಪರವಾಗಿ ಹೇಳಬೇಕಾದ ಮಾತೂ ಒಂದಿದೆ: ಅವರು ಬೇರೆಯವರತ್ತ ಬೆರಳು ತೋರಿಸುತ್ತಿರಲಿಲ್ಲ, ತಮ್ಮನ್ನೂ ಆ ಪಾಪಿಗಳ ಸಾಲಿನಲ್ಲಿ ಸೇರಿಸಿಕೊಂಡಿದ್ದರು, ಪಾಪದ ಮಾತನಾಡುತ್ತ ಬಿಹಾರಕ್ಕೆ ಹಣವನ್ನೂ ಕೂಡಿಸುತ್ತಿದ್ದರು.

ಇಂಜಿನಿಯರ್: ಅವರ ಹೃದಯದ ಬಗ್ಗೆ ಅನುಮಾನವಿಲ್ಲ, ಆ ವಿವರಣೆಯ ಬಗ್ಗೆ ಇದೆ. ಲಿಸ್ಬನ್ನಿನ ಸುದ್ದಿ ಕೇಳಿ ವೋಲ್ತೇರ್ ಬರೆದ ಕವಿತೆ ಲೈಬ್ನಿಜ್‌ನ ಉತ್ತಮ ಲೋಕವನ್ನು ನಿರಾಕರಿಸುತ್ತದೆ. ಆದರೆ ಅಲ್ಲಿಯೂ ಪ್ರಶ್ನೆ ಆಕಾಶದ ಕಡೆಗೇ ಮುಖ ಮಾಡಿದೆ. ಅದಕ್ಕೆ ಉತ್ತರವಾಗಿ 1756ರ ಆಗಸ್ಟ್‌ನಲ್ಲಿ ರೂಸೋ ಬರೆದ ಪತ್ರ ಮಾತ್ರ ಕಣ್ಣನ್ನು ನೆಲಕ್ಕೆ ಇಳಿಸುತ್ತದೆ: ಆರೇಳು ಅಂತಸ್ತುಗಳ ಸಾವಿರಾರು ಮನೆಗಳನ್ನು ಅಷ್ಟು ಒತ್ತೊತ್ತಾಗಿ ಕಟ್ಟಿದ್ದು ಪ್ರಕೃತಿಯಲ್ಲವಲ್ಲ ಎಂಬುದು ಅಲ್ಲಿಯ ವಾದ. ಕಟ್ಟಡಗಳೊಡನೆ ಬದುಕುವವರಿಗೆ ಇದು ಮನೆಮಾತಿನಷ್ಟು ಹತ್ತಿರದ್ದು. 1989ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಸೀಮೆಯಲ್ಲಿ 6.9 ಪ್ರಮಾಣದ ಭೂಕಂಪಕ್ಕೆ 63 ಮಂದಿ ಬಲಿಯಾದರು. ಅದರ ಹತ್ತರಲ್ಲೊಂದು ಪಾಲಿಗಿಂತ ಕಡಿಮೆ ಶಕ್ತಿಯ, 6.2 ಪ್ರಮಾಣದ ಭೂಕಂಪ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶನನ್ನು ವಿಸರ್ಜಿಸಿ ಬಂದು ಮಲಗಿದ್ದ ಮಹಾರಾಷ್ಟ್ರದ ಕಿಲ್ಲಾರಿ ಸುತ್ತಲಿನ ಹಳ್ಳಿಗಳಲ್ಲಿ ಸುಮಾರು 10,000 ಜನರನ್ನು ಕೊಂದಿತು. ಕೊಂದದ್ದು ಭೂಮಿಗಿಂತ ಹೆಚ್ಚಾಗಿ ಗೋಡೆ.

ಅಧ್ಯಾಪಕರು: ಹಾಗಾದರೆ ಆ ಗೋಡೆಯನ್ನು ಬಿಡಿಸಿ ಹೇಳು.

ಇಂಜಿನಿಯರ್: ನಮ್ಮ ಬೀದರ್, ಕಲಬುರಗಿ ಸೀಮೆಯಲ್ಲಿಯೂ ಕಾಣುವ ಮಾಳಿಗೆ ಮನೆಯಂಥದ್ದೇ ಅದು. ಎರಡು ಅಡಿಗೂ ದಪ್ಪನೆಯ ಗೋಡೆ ಹೊರಗಿನಿಂದ ಒಂದೇ ಎಂದು ಕಂಡರೂ ಅದು ಕೆಸರುಮಣ್ಣಿನಲ್ಲಿ ಕೂರಿಸಿದ ಒರಟು ಕಲ್ಲುಗಳ ಎರಡು ಪದರ, ನಡುವೆ ಚೂರುಕಲ್ಲು, ಮಣ್ಣು. ಎರಡೂ ಪದರಗಳನ್ನು ಅಡ್ಡಲಾಗಿ ಹಿಡಿದಿಡುವ ಉದ್ದನೆಯ ಕಲ್ಲುಗಳು ಇರುವುದಿಲ್ಲ. ಮೇಲೆ ತೊಲೆ, ಜಂತಿ, ಅದರ ಮೇಲೆ ಮಣ್ಣಿನ ಹಾಸು; ಮಳೆಗೆ ಸೋರಿದಾಗಲೆಲ್ಲ ಇನ್ನಷ್ಟು ಮಣ್ಣು ಹಾಕಿದಂತೆ ಆ ಹಾಸು ದಪ್ಪವಾಗುತ್ತ ಹೋಗುತ್ತದೆ. ನೆಲ ಅಲುಗಿದಾಗ ಗೋಡೆಯ ಎರಡು ಪದರಗಳು ಹೊಟ್ಟೆ ಬಿಟ್ಟು ಬೇರೆಯಾಗುತ್ತವೆ, ಟನ್‌ಗಟ್ಟಲೆ ಮಣ್ಣು ಮಲಗಿದ್ದವರ ಮೇಲೆ ಇಳಿಯುತ್ತದೆ, ಉಸಿರಾಡುವಷ್ಟು ಸಂದೂ ಉಳಿಯುವುದಿಲ್ಲ.

ಅಧ್ಯಾಪಕರು: ಈಗ ಎಚ್ಚರದಿಂದ ಹೆಜ್ಜೆ ಇಡಬೇಕು. ಮಲಗ್ರೀಡನು ‘ನಿಮ್ಮ ಪಾಪ’ ಎಂದ ಜಾಗದಲ್ಲಿ ನಿನ್ನ ಶಾಸ್ತ್ರ ‘ನಿಮ್ಮ ಗೋಡೆ’ ಎನ್ನುತ್ತಿದೆ. ಸತ್ತವನ ಪಾಲಿಗೆ ಎರಡೂ ಆರೋಪಗಳೇ. ಬಟ್ಟೆಬರೆ, ಕಾಗದಪತ್ರ, ಹಣವನ್ನು ತರಲು ಹೋಗಿ ಎಷ್ಟು ಮಂದಿ ಸತ್ತರೋ ಎಂದು ರೂಸೋ ಕೂಡ ಅದೇ ಪತ್ರದಲ್ಲಿ ಕೇಳುತ್ತಾನೆ, ಆ ಮಾತಿನಲ್ಲಿ ಸತ್ತವರ ಬಗ್ಗೆ ಕಠಿಣವಾದದ್ದೇನೋ ಇದೆ. ಕಿಲ್ಲಾರಿಯ ರೈತ ದಪ್ಪ ಗೋಡೆ ಕಟ್ಟಿದ್ದು ಬೇಸಿಗೆಯ ಉರಿಯನ್ನು ತಡೆಯಲು; ಹೊಲದ ಕಲ್ಲು ಪುಕ್ಕಟೆ ಸಿಗುತ್ತಿತ್ತು, ಮರವೂ ಸಿಮೆಂಟೂ ಅವನ ಕೈಗೆಟುಕುತ್ತಿರಲಿಲ್ಲ. ಇದರಲ್ಲಿ ಅವನ ತಪ್ಪನ್ನು ಎಲ್ಲಿ ಹುಡುಕುವುದು?

ಇಂಜಿನಿಯರ್: ಅವನಲ್ಲಿ ಹುಡುಕಬಾರದು. ಅಂದು ಜಾರಿಯಲ್ಲಿದ್ದ ಭೂಕಂಪ ವಲಯಗಳ ನಕ್ಷೆಯಲ್ಲಿ ಆ ಪ್ರದೇಶ ಒಂದನೆಯ ವಲಯಕ್ಕೆ, ಅಂದರೆ ಅಪಾಯ ಎಲ್ಲಕ್ಕಿಂತ ಕಡಿಮೆಯೆಂದು ಗುರುತಿಸಿದ್ದ ವಲಯಕ್ಕೆ ಸೇರಿತ್ತು. ಓದುಬರಹ ಬಲ್ಲ ದೇಶವೇ ‘ಇಲ್ಲಿ ಭಯವಿಲ್ಲ’ ಎಂದು ಬರೆದಿಟ್ಟಿದ್ದಾಗ ರೈತ ಬೇರೆ ಏನನ್ನು ತಿಳಿಯಬೇಕಿತ್ತು? 2002ರಲ್ಲಿ ಆ ನಕ್ಷೆಯನ್ನು ತಿದ್ದಿ ಒಂದನೆಯ ವಲಯವೆಂಬುದನ್ನೇ ಕೈಬಿಡಲಾಯಿತು. ತಿಳಿಯುವ ಸಾಧನ ಮತ್ತು ಬದಲಿಸುವ ಶಕ್ತಿ ಎಷ್ಟೆಷ್ಟು ಯಾರ ಕೈಯಲ್ಲಿದೆಯೋ ಹೊಣೆಯೂ ಅಷ್ಟಷ್ಟೇ ಅವರದಾಗಬೇಕು; ಪಾಪದ ವಾದಕ್ಕೂ ಹೊಣೆಯ ವಾದಕ್ಕೂ ಇರುವ ಅಂತರ ಇದೇ. ಪಾಪವನ್ನು ಸತ್ತವರ ಮೇಲೆ ಹೊರಿಸಬಹುದು, ಹೊಣೆ ಹೊರಬಲ್ಲವರು ಬದುಕಿರುವವರು ಮಾತ್ರ.

ಅಧ್ಯಾಪಕರು: ಶಕ್ತಿ ಕೈಯಲ್ಲಿದ್ದವನೊಬ್ಬ ಲಿಸ್ಬನ್ನಿನಲ್ಲಿದ್ದ. ದೊರೆ ಒಂದನೆಯ ಜೋಸೆಫ್ ಕಲ್ಲಿನ ಸೂರಿನಡಿ ಮಲಗಲು ಹೆದರಿ ಉಳಿದ ಬಾಳನ್ನು ಡೇರೆಗಳಲ್ಲಿಯೂ ಮರದ ಬಿಡಾರದಲ್ಲಿಯೂ ಕಳೆದರೆ, ಮುಂದೆ ಪೊಂಬಾಲ್‌ನ ಮಾರ್ಕ್ವಿಸ್ ಎಂದು ಹೆಸರಾದ ಮಂತ್ರಿ ನಗರವನ್ನು ಕೈಗೆತ್ತಿಕೊಂಡ. ಹೆಣಗಳಿಂದ ರೋಗ ಹರಡದಂತೆ ವಿಲೇವಾರಿ ಮಾಡಿಸಿದ, ದವಸಧಾನ್ಯದ ಬೆಲೆ ಏರದಂತೆ ತಡೆದ, ಲೂಟಿಕೋರರಿಗೆ ಎದ್ದು ಕಾಣುವಂತೆ ಗಲ್ಲುಗಂಬ ನೆಡಿಸಿದ.

ಇಂಜಿನಿಯರ್: ಅವನ ಕಾಲದ ಇಂಜಿನಿಯರುಗಳು ರೂಪಿಸಿದ ಗೋಡೆಯನ್ನು ಪೋರ್ಚುಗೀಸರು ‘ಗಯೋಲ’ ಎನ್ನುತ್ತಾರೆ, ಹಾಗೆಂದರೆ ಪಂಜರ. ನಿಲುವು, ಅಡ್ಡ, ಓರೆ ಮರದ ಪಟ್ಟಿಗಳನ್ನು ಗುಣಾಕಾರ ಚಿಹ್ನೆಯಂತೆ ಜೋಡಿಸಿ ಚೌಕಟ್ಟು ಮಾಡಿ, ಸಂದುಗಳಲ್ಲಿ ಕಲ್ಲು, ಗಾರೆ ತುಂಬಿ, ಮೇಲೆ ಗಿಲಾವು ಬಳಿಯುತ್ತಿದ್ದರು. ಕಂಪಿಸಿದಾಗ ಗಿಲಾವು ಉದುರಬಹುದು, ಕಲ್ಲು ಸಡಿಲಬಹುದು, ಪಂಜರ ಮಾತ್ರ ಬಳುಕಿ ನಿಲ್ಲಬೇಕು. ಮಾದರಿಯೊಂದನ್ನು ಕಟ್ಟಿ ಸುತ್ತಲೂ ಸೈನಿಕರನ್ನು ಕುಕ್ಕುಹೆಜ್ಜೆಯಲ್ಲಿ ನಡೆಸಿ ಪರೀಕ್ಷಿಸಿದರೆಂಬ ಮಾತು ಪ್ರಸಿದ್ಧ. ಕಾಶ್ಮೀರದ ‘ಧಜ್ಜಿ ದೀವಾರಿ’ ಮನೆಗಳ ಒಳಗುಟ್ಟೂ ಇದೇ.

ಅಧ್ಯಾಪಕರು: ಗೋಡೆಗಿಂತಲೂ ದೊಡ್ಡದು ಪೊಂಬಾಲ್ ಕಳುಹಿಸಿದ ಪ್ರಶ್ನಾವಳಿ. ಕಂಪನ ಎಷ್ಟು ಹೊತ್ತು ಇತ್ತು, ಎಷ್ಟು ಮನೆ ಬಿದ್ದವು, ಎಷ್ಟು ಮಂದಿ ಸತ್ತರು, ಸಮುದ್ರ ಮೊದಲು ಏರಿತೋ ಇಳಿಯಿತೋ, ಎಷ್ಟು ಗೇಣು ಏರಿತು ಎಂಬ ಪ್ರಶ್ನೆಗಳು ದೇಶದ ಪ್ರತಿಯೊಂದು ಧರ್ಮಕೇಂದ್ರದ ಪಾದ್ರಿಗೂ ಹೋದವು. ‘ಇದು ಏಕೆ’ ಎಂಬುದಕ್ಕೆ ತೀರ್ಪು ಕೊಡುತ್ತಿದ್ದ ಪಾದ್ರಿಗಳಿಂದಲೇ ‘ಇದು ಹೇಗೆ’ ಎಂಬುದಕ್ಕೆ ಸಾಕ್ಷ್ಯ ಕೇಳಲಾಯಿತು. ಆ ಉತ್ತರಗಳು ಲಿಸ್ಬನ್ನಿನ ಪತ್ರಾಗಾರದಲ್ಲಿ ಇಂದಿಗೂ ಇವೆ, ಪ್ರಮಾಣವನ್ನು ಅಂದಾಜು ಮಾಡಲು ವಿಜ್ಞಾನಿಗಳಿಗೆ ನೆರವಾದವು. ಅದೇ ಪೊಂಬಾಲ್‌ನ ಆಳ್ವಿಕೆಯಲ್ಲಿ, 1761ರಲ್ಲಿ, ಎಪ್ಪತ್ತು ದಾಟಿದ್ದ ಮಲಗ್ರೀಡನ ಕತ್ತು ಬಿಗಿದು ಕೊಂದು ದೇಹವನ್ನು ಸುಟ್ಟರು. ನೆಲವನ್ನು ಪ್ರಶ್ನಿಸಲು ಕಲಿತ ಆಡಳಿತ ತನ್ನನ್ನು ಪ್ರಶ್ನಿಸುವವರನ್ನು ಸಹಿಸಲಿಲ್ಲ. ಹೊಣೆ ಶಕ್ತಿಯನ್ನು ಹಿಂಬಾಲಿಸಬೇಕೆಂಬ ನಿನ್ನ ಸೂತ್ರಕ್ಕೆ ಇದು ಗಟ್ಟಿಯಾದ ಅಡ್ಡಿ, ಏಕೆಂದರೆ ಶಕ್ತಿವಂತನಿಂದ ಲೆಕ್ಕ ಕೇಳುವವರು ಯಾರು?

ಇಂಜಿನಿಯರ್: ಅಡ್ಡಿ ನಿಜ. ಆ ಪ್ರಶ್ನಾವಳಿಯ ಉತ್ತರ ಜನರ ಕೈಗೆ ಹೋಗದೆ ಕಪಾಟು ಸೇರಿದ್ದೂ ಅದರದೇ ಭಾಗ. ಸಮುದ್ರ ಮೊದಲು ಇಳಿಯುವುದುಂಟು ಎಂಬುದು 1755ರಿಂದಲೇ ಬರಹದಲ್ಲಿದ್ದರೂ 2004ರ ಡಿಸೆಂಬರ್ 26ರಂದು ಹಿಂದೂ ಮಹಾಸಾಗರದ ಎಷ್ಟೋ ದಂಡೆಗಳಲ್ಲಿ ನೀರು ಸರಿದಾಗ ಜನ ಕುತೂಹಲದಿಂದ ಕೆಳಗಿಳಿದರು, ಎರಡು ಲಕ್ಷಕ್ಕೂ ಹೆಚ್ಚು ಮಂದಿ ಸತ್ತರು. ತಮಿಳುನಾಡಿನ ಕರಾವಳಿಗೆ ಅಲೆ ತಲುಪಲು ಎರಡು ಗಂಟೆಗಳಷ್ಟು ಕಾಲ ಹಿಡಿಯಿತು. ಪೆಸಿಫಿಕ್ ಸಾಗರಕ್ಕೆ ದಶಕಗಳಿಂದ ಇದ್ದ ಎಚ್ಚರಿಕೆಯ ವ್ಯವಸ್ಥೆ ಈ ಸಾಗರಕ್ಕೆ ಇರಲಿಲ್ಲ. ಆದರೆ ಕಂಪನದ ಮೂಲಕ್ಕೆ ತೀರ ಹತ್ತಿರವಿದ್ದ ಇಂಡೊನೇಷ್ಯದ ಸಿಮೆಲೂ ದ್ವೀಪದಲ್ಲಿ 1907ರ ಸುನಾಮಿಯ ನೆನಪು ‘ಸ್ಮೋಂಗ್’ ಎಂಬ ಒಂದು ಪದವಾಗಿ ಹಾಡುಕಥೆಗಳಲ್ಲಿ ಉಳಿದಿತ್ತು: ನೆಲ ಜೋರಾಗಿ ನಡುಗಿ ಸಮುದ್ರ ಇಳಿದರೆ ಗುಡ್ಡಕ್ಕೆ ಓಡು ಎಂದು ಅಜ್ಜಿಯರು ಮೊಮ್ಮಕ್ಕಳಿಗೆ ಹೇಳುತ್ತಿದ್ದರು. ಅಂದು ಅಲ್ಲಿ ಯಾವ ಮಂತ್ರಿಯ ಅಪ್ಪಣೆಗೂ ಕಾಯದೆ ಜನ ಗುಡ್ಡ ಹತ್ತಿದರು. ಸುಮಾರು 78,000 ಜನರಿದ್ದ ಆ ದ್ವೀಪದಲ್ಲಿ ಸತ್ತವರು ಏಳು ಮಂದಿ.

ಅಧ್ಯಾಪಕರು: ಆ ಏಳು ಮಂದಿ?

ಇಂಜಿನಿಯರ್ ಬಹಳ ಹೊತ್ತು ಮಾತನಾಡಲಿಲ್ಲ. ಬ್ರಹ್ಮಸೂತ್ರದ ಪುಟ ಮುಂದೆಯೇ ತೆರೆದಿತ್ತು. ಅಧ್ಯಾಪಕರೂ ಅದನ್ನು ಓದಲು ಮುಂದಾಗಲಿಲ್ಲ.